ನನ್ನ ಅನುಭವ: ಟಿವಿಯಲ್ಲಿ ಲೈವ್ ಮ್ಯಾಚ್ ತಡವರಿಸದಂತೆ ಮಾಡಿದ ಬಗೆ

ಇಂಟರ್ನೆಟ್ ಪ್ಲಾನ್ ಹೆಚ್ಚಿಸದೆ ಆಗದು ಎಂದವರೇ ಎಲ್ಲರೂ. ಹೆಚ್ಚಿಸದೆಯೇ ಆಯಿತು. 4ಕೆ ಸ್ಟ್ರೀಮ್‌ಗೆ ಬೇಕಿರುವುದು 15ರಿಂದ 25 ಎಂಬಿಪಿಎಸ್. ಲೈನಿನಲ್ಲಿ 100 ಬರುತ್ತಿದ್ದರೆ ದೋಷ ಬೇರೆಡೆ ಇದೆ. ಚಿತ್ರ ನಿಂತು ಚಕ್ರ ಸುತ್ತುವುದು ಒಂದು ರೋಗ, ಚೆಂಡು ಓಡುವಾಗ ಚಿತ್ರ ಜಗ್ಗುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಹುಡುಕಿದ್ದರಿಂದಲೇ ದುಡ್ಡು ಹೋಯಿತು.

ಮೊದಲ ಖರ್ಚು ದೊಡ್ಡ ಆಂಟೆನಾಗಳ ರೂಟರ್. 5 ಗಿಗಾಹರ್ಟ್ಸ್ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗಿತು, 2.4ರಲ್ಲಿ ಅಕ್ಕಪಕ್ಕದ ವೈಫೈಗಳ ಗದ್ದಲ. ಆಮೇಲೆ ತಂದ, ವೈಫೈಯನ್ನು ದೂರಕ್ಕೆ ಮುಟ್ಟಿಸುವ ಎಕ್ಸ್‌ಟೆಂಡರ್‌ನಲ್ಲಿ ಇದ್ದದ್ದು ಒಂದೇ ರೇಡಿಯೋ. ಪಡೆಯುವುದೂ ಕಳಿಸುವುದೂ ಅದರಲ್ಲೇ, ವೇಗ ಅರ್ಧಕ್ಕಿಳಿಯಿತು. ಕೊನೆಗೆ ರೂಟರ್‌ನಿಂದ ಟಿವಿಗೆ ಎಳೆದದ್ದು ಸುಮಾರು 18 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ರೂಟರ್‌ಗೆ ಸುರಿದ ಹಣದ ಹತ್ತನೇ ಒಂದು ಪಾಲೂ ಆಗಲಿಲ್ಲ. ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ (ಕ್ರಿಂಪ್) ಮಾತ್ರ ಎಚ್ಚರ: ಒಳಗಿನ ಎಂಟು ತಂತಿಗಳ ಹೆಣೆದ ಜೋಡಿಗಳನ್ನು ಸಾಲಾಗಿ ತುಂಬಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಹತ್ತುತ್ತವೆ, ಆದರೆ 3 ಮತ್ತು 6ನೇ ಪಿನ್‌ಗೆ ಒಂದೇ ಜೋಡಿಯ ತಂತಿಗಳು ಹೋಗದಿದ್ದರೆ ಪ್ಯಾಕೆಟ್‌ಗಳು (ಡೇಟಾದ ಕಟ್ಟುಗಳು) ದಾರಿಯಲ್ಲೇ ಉದುರುತ್ತವೆ. ಎರಡು ಪ್ಲಗ್ ಕತ್ತರಿಸಿ ಎಸೆದ ಮೇಲೆ ಇದು ಹೊಳೆಯಿತು. ಟಿವಿಯ ಪೋರ್ಟ್ 100 ಎಂಬಿಪಿಎಸ್‌ನದೇ ಆಗಿದ್ದರೂ ಕೈಗೆ 94ರಷ್ಟು ಸಿಗುತ್ತದೆ, ಸಾಕು.

ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್ ಬಳಸುವವರು ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು ಅರ್ಧ ಆಂಪಿಯರ್. ಸ್ಟಿಕ್ ಕೇಳುವುದು ಹೆಚ್ಚುಕಮ್ಮಿ ಒಂದು. ಮ್ಯಾಚ್ ನಡುವೆ ತಾನೇ ರೀಸ್ಟಾರ್ಟ್ ಆಗುವುದು ಇದರಿಂದಲೇ.

ತಂತಿ ಬಂದರೂ ಸಂಜೆ ಚಕ್ರ ಸುತ್ತುತ್ತಿತ್ತು. ಯಾವುದೋ ಫೋನು ಫೋಟೋ ಬ್ಯಾಕಪ್ ಶುರು ಮಾಡಿದೊಡನೆ ಅಪ್‌ಲೋಡ್ ಸಾಲು ತುಂಬಿ, ವಿಡಿಯೋದ ಮುಂದಿನ ತುಣುಕು ಬೇಕೆಂಬ ಟಿವಿಯ ಕೋರಿಕೆ ಹಿಂದೆ ನಿಲ್ಲುತ್ತದೆ. ಹಳೆಯ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ, ಸಾಲನ್ನು ಹತೋಟಿಯಲ್ಲಿಡುವ ಅದರ ಎಸ್‌ಕ್ಯೂಎಂನಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡರ ಮಿತಿಯನ್ನು ಅಳೆದ ವೇಗದ ಶೇ. 85–90ಕ್ಕೆ ಇಟ್ಟೆ. ಬ್ಯಾಕಪ್ ನಡೆಯುವಾಗ 200 ಮಿಲಿಸೆಕೆಂಡ್ ದಾಟುತ್ತಿದ್ದ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) 25ರ ಆಸುಪಾಸಿಗೆ ಬಂತು. ಯಾರೂ ನಂಬದಿದ್ದ ಹೆಜ್ಜೆ ಇದು. ಫಲ ಕೊಟ್ಟದ್ದೂ ಇದೇ.

ಇನ್ನು ಜಗ್ಗುವುದು. ಸೆಕೆಂಡಿಗೆ 50 ಫ್ರೇಮ್‌ನ ಪ್ರಸಾರವನ್ನು ಟಿವಿ ಬಾಕ್ಸ್ ಅಥವಾ ಸ್ಟಿಕ್ 60 ಹರ್ಟ್ಸ್‌ನಲ್ಲಿ ಕಳಿಸಿದರೆ ಪ್ರತಿ ಐದು ಫ್ರೇಮ್‌ಗೆ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಸೆಕೆಂಡಿಗೆ ಹತ್ತು ತೊಡರು. ಫ್ರೇಮ್ ರೇಟ್ ಹೊಂದಾಣಿಕೆ ಆನ್ ಮಾಡಿ. ಆ್ಯಪ್ ಅದಕ್ಕೆ ಬಗ್ಗದಿದ್ದರೆ ಕೈಯಾರೆ 50 ಇಡಿ. ನಡುವಿನ ಫ್ರೇಮ್‌ಗಳನ್ನು ಟಿವಿಯೇ ಊಹಿಸಿ ತುಂಬುವ ಮೋಷನ್ ಸ್ಮೂತಿಂಗ್ ಇದಕ್ಕೆ ಮದ್ದಲ್ಲ, ಚೆಂಡಿಗೆ ಬಾಲ ಹಚ್ಚುತ್ತದೆ.

ಫೋನಿನ ಪರದೆಯನ್ನೇ ಟಿವಿಯಲ್ಲಿ ತೋರಿಸುವ ಮಿರರಿಂಗನ್ನೂ ಪರೀಕ್ಷಿಸಿದೆ. ಫೋನು ಪರದೆಯನ್ನು ಮತ್ತೆ ಎನ್‌ಕೋಡ್ ಮಾಡುವುದರಿಂದ ಮೈದಾನದ ಹುಲ್ಲು ಕಲಸಿಹೋಗುತ್ತದೆ. ಕಾಸ್ಟ್ ಮಾಡಿದರೆ ಟಿವಿಯೇ ನೇರ ಎಳೆದುಕೊಳ್ಳುತ್ತದೆ, ಅದು ಪರವಾಗಿಲ್ಲ. ಆದರೆ ಲೈವ್‌ನ ತಡ ಯಾವ ಕೇಬಲ್‌ನಿಂದಲೂ ಹೋಗದು: ಆ್ಯಪ್ ಆರು ಸೆಕೆಂಡಿನ ಮೂರು ತುಣುಕು ಮೊದಲೇ ಕೂಡಿಟ್ಟುಕೊಂಡರೆ ಅಲ್ಲಿಗೇ 18 ಸೆಕೆಂಡ್. ಆ ತಡಕ್ಕೆ ಸರಿಯಾಗಿ ರೇಡಿಯೋ ಕಾಮೆಂಟರಿಯನ್ನು ಕಂಪ್ಯೂಟರ್‌ನಲ್ಲಿ ಹಿಂದಕ್ಕೆ ತಳ್ಳಿ ಚಿತ್ರಕ್ಕೆ ಕೂಡಿಸಿದ್ದೇನೆ, ಆಟಕ್ಕೂ ಮಾತಿಗೂ ತಾಳ ತಪ್ಪದಷ್ಟು ಚೊಕ್ಕವಾಗಿ. ಹೊಂದಿಸಲು ಹಿಡಿಯುವ ಗುರುತು ಯಾವುದೆಂದು ಸದ್ಯ ನನ್ನಲ್ಲೇ ಇರಲಿ.