ಪಿಜ್ಜಾದ ತಳ ನೋಡಿ: ನಿಮ್ಮ ಓಣಿಯ ಹತ್ತಿರವೇ ಒಳ್ಳೆಯ ಅಂಗಡಿ ಹುಡುಕುವುದು ಹೇಗೆ?

ಜೋಳದ ರೊಟ್ಟಿ ಸರಿಯಾಗಿ ಬೆಂದಿದೆಯಾ ಅಂತ ನೋಡುವುದನ್ನು ಹುಬ್ಬಳ್ಳಿ-ಧಾರವಾಡದ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೊಟ್ಟಿ ಕೈಗೆ ಬಂದ ಕೂಡಲೇ ತಿರುವಿ ನೋಡುತ್ತೇವೆ. ಕಂದು ಚುಕ್ಕೆ ಬಿದ್ದಿವೆಯಾ, ಅಂಚು ಹಸಿ ಉಳಿದಿದೆಯಾ, ಉಬ್ಬಿ ಎರಡು ಪದರ ಆಗಿದೆಯಾ ಅಂತ ಕಣ್ಣಿಗೇ ಗೊತ್ತಾಗಿಬಿಡುತ್ತದೆ. ಪಿಜ್ಜಾ ತರಿಸುವಾಗ ಮಾತ್ರ ಈ ಅಭ್ಯಾಸ ಮರೆತುಹೋಗುತ್ತದೆ. ಮೇಲಿನ ಚೀಸ್ ನೋಡುತ್ತೇವೆ, ಆ್ಯಪ್‌ನಲ್ಲಿರುವ ಫೋಟೊ ನೋಡುತ್ತೇವೆ, ಒಂದಕ್ಕೆ ಒಂದು ಫ್ರೀ ಅಂತ ಇದ್ದರೆ ಅಲ್ಲಿಗೇ ಮುಗಿಯಿತು. ಪಿಜ್ಜಾ ಕೂಡ ಬೆಂದ ಹಿಟ್ಟೇ ಅಲ್ವಾ? ರೊಟ್ಟಿ ನೋಡುವ ಕಣ್ಣಿನಿಂದಲೇ ಅದನ್ನೂ ನೋಡಬೇಕು ಅನ್ನುವುದು ನನ್ನ ಮಾತು.

ಡಾಮಿನೋಸ್ ಭಾರತಕ್ಕೆ ಬಂದಿದ್ದು 1996ರಲ್ಲಿ. ಅಂಥ ದೊಡ್ಡ ಕಂಪನಿಗಳ ಪಿಜ್ಜಾ ಯಾವ ಊರಲ್ಲಿ ತಿಂದರೂ ಹೆಚ್ಚುಕಡಿಮೆ ಒಂದೇ ರುಚಿ, ಅದನ್ನು ಹುಡುಕುವ ಕೆಲಸವೇ ಇಲ್ಲ. ನಾನು ಹೇಳುತ್ತಿರುವುದು ವಿದ್ಯಾನಗರ, ಕೇಶ್ವಾಪುರ, ಗೋಕುಲ ರೋಡ್, ಧಾರವಾಡದ ಸಪ್ತಾಪುರ, ಇಂಥ ಕಡೆ ನಾಲ್ಕು ಟೇಬಲ್ಲು ಒಂದು ಓವನ್ನು ಇಟ್ಟುಕೊಂಡು ನಡೆಯುವ ಸಣ್ಣ ಅಂಗಡಿಗಳ ಬಗ್ಗೆ. ಅವುಗಳಲ್ಲಿ ಭಾಳ ಚಲೋ ಅಂಗಡಿಗಳೂ ಇವೆ, ಸುಮ್ನೆ ದುಡ್ಡು ಹಾಳು ಅನ್ನಿಸುವಂಥವೂ ಇವೆ.

ಮೊದಲು ದೂರ ಅಳೆಯಿರಿ

ಓವನ್‌ನಿಂದ ಹೊರಬಂದ ಪಿಜ್ಜಾ ಹತ್ತು-ಹದಿನೈದು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಡಬ್ಬಿಯೊಳಗಿನ ಹಬೆ ಎಲ್ಲೂ ಹೋಗಲಾರದೆ ತಿರುಗಿ ಬೇಸ್‌ಗೇ ಇಳಿಯುತ್ತದೆ, ಗರಿಗರಿಯಾಗಿದ್ದದ್ದು ಮೆತ್ತಗಾಗಿ ಚರ್ಮದ ಹಾಗೆ ಎಳೆಯುತ್ತದೆ. ಆದ್ದರಿಂದ ನಿಮ್ಮ ಮನೆಯಿಂದ ಎರಡು, ಹೆಚ್ಚೆಂದರೆ ಮೂರು ಕಿಲೋಮೀಟರ್ ಒಳಗೆ ಯಾವ ಯಾವ ಅಂಗಡಿ ಇವೆ ಅಂತ ಮೊದಲು ಪಟ್ಟಿ ಮಾಡಿ. ಅದಕ್ಕಿಂತ ದೂರದ್ದು ಎಷ್ಟೇ ಹೆಸರು ಮಾಡಿರಲಿ, ಅಲ್ಲೇ ಹೋಗಿ ತಿನ್ನುವುದು ಒಳ್ಳೆಯದು.

ಇದನ್ನು ನಾನು ಕಲಿತದ್ದು ಒಂದು ಮಳೆಗಾಲದ ಸಂಜೆ. ನವನಗರದ ತಂಗಿಯ ಮನೆಯಲ್ಲಿ ಹುಡುಗರ ಹುಟ್ಟುಹಬ್ಬ, ಊರಿನ ಆ ತುದಿಯ ಒಂದು ಅಂಗಡಿಗೆ ಆರ್ಡರ್ ಕೊಟ್ಟೆವು. ಬರಲು ಐವತ್ತು ನಿಮಿಷ ಆಯಿತು. ತಂದ ಹುಡುಗ ಮೈಯೆಲ್ಲ ತೊಯ್ದು ನಿಂತಿದ್ದ, ಪಾಪ, ಅವನದೇನೂ ತಪ್ಪಿರಲಿಲ್ಲ. ಡಬ್ಬಿ ತೆರೆದರೆ ಅರ್ಧ ಚೀಸ್ ಮುಚ್ಚಳಕ್ಕೆ ಅಂಟಿತ್ತು, ತುಂಡು ಎತ್ತಿದರೆ ಅದರ ಚೂಪು ತುದಿ ಕೆಳಗೆ ಬಾಗಿ ಮೇಲಿದ್ದ ಕ್ಯಾಪ್ಸಿಕಂ ಎಲ್ಲ ತಟ್ಟೆಗೆ ಜಾರಿತು. ಅದೇ ಪಿಜ್ಜಾವನ್ನು ಆ ಅಂಗಡಿಯಲ್ಲೇ ಕೂತು ತಿಂದಾಗ ಎಷ್ಟು ಚೆನ್ನಾಗಿತ್ತು ಅನ್ನುವುದು ನನಗೆ ನೆನಪಿತ್ತು, ಅದಕ್ಕೇ ಇನ್ನೂ ಬೇಜಾರಾಯಿತು.

ಒಮ್ಮೆ ಹೋಗಿ, ಮಾರ್ಗರೀಟಾ ಹೇಳಿ

ಪಟ್ಟಿಯಲ್ಲಿರುವ ಅಂಗಡಿಗೆ ಮೊದಲು ನೀವೇ ಹೋಗಿ. ಭಾನುವಾರ ಬೇಡ, ಗದ್ದಲದಲ್ಲಿ ಯಾರ ಕೈಯೂ ಸರಿಯಾಗಿ ಓಡುವುದಿಲ್ಲ. ವಾರದ ಮಧ್ಯೆ ಏಳರ ಸುಮಾರಿಗೆ ಹೋದರೆ ಓವನ್ ಬಿಸಿಯಾಗಿರುತ್ತದೆ, ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ.

ಹೇಳಬೇಕಾದದ್ದು ಮಾರ್ಗರೀಟಾ. ಅದರಲ್ಲಿ ಬೇಸ್, ಟೊಮೆಟೊ ಸಾಸ್, ಚೀಸ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಮುಚ್ಚಿಡಲು ಜಾಗವೇ ಇಲ್ಲ. ಪನೀರು, ಕಾರ್ನು, ತಂದೂರಿ ಮಸಾಲೆ, ಮೇಲೊಂದಿಷ್ಟು ಮೇಯೊನೀಸ್ ಸುರಿದರೆ ಕೆಟ್ಟ ಬೇಸ್ ಕೂಡ ನಡೆದುಹೋಗುತ್ತದೆ. ಮಾರ್ಗರೀಟಾ ಚೆನ್ನಾಗಿ ಮಾಡುವ ಅಂಗಡಿಯಲ್ಲಿ ಉಳಿದದ್ದೂ ಚೆನ್ನಾಗಿರುತ್ತದೆ ಅನ್ನುವುದು ನನ್ನ ಅನುಭವ.

ಈಗ ತಳ ನೋಡಿ

ಒಂದು ತುಂಡು ಎತ್ತಿ, ಕೆಳಗಿನಿಂದ ನೋಡಿ. ವಿದ್ಯಾನಗರದಲ್ಲಿ ಕಾಲೇಜಿನ ಹುಡುಗರು ಜಾಸ್ತಿ ಬರುವ ಒಂದು ಸಣ್ಣ ಅಂಗಡಿಯಲ್ಲಿ ನಾನು ಹೀಗೇ ಎತ್ತಿ ನೋಡಿದ್ದೆ. ತಳದಲ್ಲಿ ಕಂದು ಬಣ್ಣದ ಮಚ್ಚೆಗಳು, ಒಂದು ದೊಡ್ಡದು, ಒಂದು ಸಣ್ಣದು, ಅಲ್ಲಲ್ಲಿ ಕಪ್ಪು ಚುಕ್ಕೆ, ಬೆರಳಿಗೆ ಸ್ವಲ್ಪ ಒಣ ಹಿಟ್ಟು ಅಂಟಿತು. ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮುರಿದರೆ ಒಳಗೆ ಸಣ್ಣ-ದೊಡ್ಡ ತೂತುಗಳು, ಒಳ್ಳೆಯ ಸೆಟ್ ದೋಸೆಯಲ್ಲಿ ಇರುತ್ತಾವಲ್ಲ, ಹಾಗೆ. ಕೈಯಿಂದ ತಟ್ಟಿದ, ಹೊತ್ತು ಕೊಟ್ಟು ಹುದುಗಿಸಿದ ಹಿಟ್ಟಿನ ಗುರುತುಗಳಿವು.

ಇನ್ನೊಂದು ಬಗೆಯದು ರೆಡಿ ಬೇಸ್. ಬೇಕರಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಅರ್ಧ ಬೆಂದೇ ಬಂದಿರುತ್ತದೆ. ಅಚ್ಚಿನಲ್ಲಿ ಒತ್ತಿದ ಹಾಗೆ ಪೂರ್ತಿ ದುಂಡಗೆ, ದಪ್ಪ ಎಲ್ಲ ಕಡೆ ಒಂದೇ, ಮೈತುಂಬ ಸಾಲಾಗಿ ಚುಚ್ಚಿದ ಸಣ್ಣ ತೂತು, ತಳ ಬೆಳ್ಳಗೆ. ಮುರಿದರೆ ಬನ್ನಿನ ಹಾಗೆ ಪುಡಿಯಾಗುತ್ತದೆ. ಹೊಟ್ಟೆಗೇನೂ ಕೆಟ್ಟದ್ದಲ್ಲ, ಆದರೆ ತಾಜಾ ಹಿಟ್ಟಿನ ಪಿಜ್ಜಾದ ರೇಟನ್ನು ಅದಕ್ಕೆ ಕೊಡುವ ಅಗತ್ಯ ಇಲ್ಲ.

ನೋಡಿದ ಮೇಲೆ ಕೇಳಿ. ನಮ್ಮ ಕಡೆ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ.

"ಅಣ್ಣಾರ, ಬೇಸ್ ನೀವ ಮಾಡ್ತೀರೇನ್ರಿ, ರೆಡಿ ತರ್ತೀರೇನ್ರಿ?"

"ಇಲ್ಲೇ ಮಾಡ್ತೀವ್ರಿ. ನಿನ್ನಿ ಸಂಜಿಕ ಕಲಸಿ ಫ್ರಿಜ್ಜಿನ್ಯಾಗ ಇಟ್ಟಿದ್ದು ಇವತ್ತ ತಗೀತೀವ್ರಿ."

ಆ ವಿದ್ಯಾನಗರದ ಅಂಗಡಿಯವರು ಕೊಟ್ಟ ಉತ್ತರ ಇದು, ಕೇಳಿ ನನಗೆ ಭಾಳ ಖುಷಿಯಾಯಿತು. ಫ್ರಿಜ್ಜಿನ ತಂಪಿನಲ್ಲಿ ಈಸ್ಟ್ ನಿಧಾನಕ್ಕೆ ಕೆಲಸ ಮಾಡುತ್ತದೆ. ಒಂದು ರಾತ್ರಿ ಹಾಗೆ ಇಟ್ಟರೆ ಹಿಟ್ಟಿಗೆ ರುಚಿ ಬರುತ್ತದೆ, ತಟ್ಟುವಾಗ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಒಂದು ಗಂಟೆಯ ಮುಂಚೆ ಜಾಸ್ತಿ ಈಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನಲ್ಲಿ ಈಸ್ಟಿನ ವಾಸನೆಯೇ ಮುಂದಾಗುತ್ತದೆ.

ಓವನ್ ಯಾವುದು ಅನ್ನುವುದನ್ನೂ ನೋಡಿಕೊಳ್ಳಿ. ಪಿಜ್ಜಾದ ತವರು, ಇಟಲಿಯ ನೇಪಲ್ಸ್‌ನಲ್ಲಿ ಕಟ್ಟಿಗೆ ಒಲೆಯ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೆಂದು ಹೊರಗೆ ಬರುತ್ತದೆ. ನಮ್ಮ ಮನೆಯಲ್ಲಿರುವಂಥ ಸಣ್ಣ ಓವನ್ ಸಾಮಾನ್ಯವಾಗಿ 250 ಡಿಗ್ರಿಗೇ ನಿಲ್ಲುತ್ತದೆ. ಅಲ್ಲಿ ಹತ್ತು-ಹನ್ನೆರಡು ನಿಮಿಷ ಬೇಕು, ಅಷ್ಟು ಹೊತ್ತಿಗೆ ಹಿಟ್ಟಿನ ನೀರೆಲ್ಲ ಆರಿ ಬಿಸ್ಕತ್ತಿನ ಹಾಗಾಗುತ್ತದೆ. ಅಂಗಡಿಯಲ್ಲಿ ಕಲ್ಲಿನ ತಳದ ಡೆಕ್ ಓವನ್ ಅಥವಾ ಪಿಜ್ಜಾ ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುವ ಕನ್ವೇಯರ್ ಓವನ್ ಇದ್ದರೆ ಒಳ್ಳೆಯದು. ಮೈಕ್ರೋವೇವ್ ಒಂದೇ ಇದ್ದರೆ ಚಹಾ ಕುಡಿದು ಬನ್ನಿ.

ಚೀಸ್ ಬಗ್ಗೆ ಸ್ವಲ್ಪ ಉದ್ದ ಮಾತು

ಜಾಸ್ತಿ ಮೋಸ ಆಗುವುದು ಇಲ್ಲಿ. ಪಿಜ್ಜಾಕ್ಕೆ ಹಾಕುವುದು ಮೊಝರೆಲ್ಲಾ, ಹಾಲಿನಿಂದ ಮಾಡಿದ್ದು. ಹಾಲಿನ ಕೊಬ್ಬು ತೆಗೆದು ತಾಳೆ ಎಣ್ಣೆಯಂಥ ಎಣ್ಣೆ ಹಾಕಿ ಮಾಡಿದ್ದೂ ಮಾರ್ಕೆಟ್ಟಿನಲ್ಲಿ ಇದೆ, ಅದನ್ನು ಅನಲಾಗ್ ಅನ್ನುತ್ತಾರೆ. ಬೆಲೆ ಕಡಿಮೆ. ಅದನ್ನು ಚೀಸ್ ಅಂತ ಕರೆದು ಮಾರುವ ಹಾಗಿಲ್ಲ ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಪ್ಯಾಕೆಟ್ಟಿನ ಮೇಲೆ ಇರುವ ವಿಷಯ ತಟ್ಟೆಗೆ ಬರುವಷ್ಟರಲ್ಲಿ ಯಾರಿಗೂ ಕಾಣುವುದಿಲ್ಲ, ಅದೇ ತೊಂದರೆ.

ಎಳೆದರೆ ಉದ್ದಕ್ಕೆ ದಾರ ಬಂದರೆ ಒಳ್ಳೆಯ ಚೀಸ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ದಾರ ಅನಲಾಗ್‌ನಲ್ಲೂ ಬರುತ್ತದೆ. ನಾನು ನೋಡುವುದು ಬೇರೆ. ಮೊಝರೆಲ್ಲಾ ಬೆಂದಾಗ ಅಲ್ಲಲ್ಲಿ ಕಂದು ಗುಳ್ಳೆ ಏಳುತ್ತದೆ, ಹಾಲಿನ ಸಣ್ಣ ಸಿಹಿ ಇರುತ್ತದೆ. ಅನಲಾಗ್ ಮೇಣದ ಹಾಳೆಯ ಹಾಗೆ ಒಂದೇ ಸಮ ಕೂತಿರುತ್ತದೆ. ಆರಿದ ಮೇಲೆ ತಿಂದರೆ ನಾಲಿಗೆ ಮತ್ತು ಅಂಗುಳಕ್ಕೆ ಡಾಲ್ಡಾ ಮೆತ್ತಿದ ಹಾಗೆ ಅನ್ನಿಸುತ್ತದೆ. ಅನುಮಾನ ಬಂದರೆ ಯಾವ ಚೀಸ್ ಹಾಕುತ್ತೀರಿ, ಪ್ಯಾಕೆಟ್ ತೋರಿಸುತ್ತೀರಾ ಅಂತ ಕೇಳಿ. ಸಾಮಗ್ರಿಗಳ ಸಾಲಿನಲ್ಲಿ ಹಾಲು ಇದೆಯಾ, ಖಾದ್ಯ ತೈಲ ಇದೆಯಾ ಓದಿ. ಒಳ್ಳೆಯದನ್ನು ಹಾಕುವವರು ಹೆಮ್ಮೆಯಿಂದ ತೋರಿಸುತ್ತಾರೆ.

ಇಟಲಿಯಲ್ಲಿ ನೇಪಲ್ಸ್ ಸುತ್ತಲಿನ ಮೊಝರೆಲ್ಲಾ ಹೆಸರು ಮಾಡಿದ್ದು ಎಮ್ಮೆ ಹಾಲಿನಿಂದ. ನಮ್ಮ ಧಾರವಾಡ ಪೇಡೆಗೂ ಹೆಸರು ಬಂದದ್ದು ಧಾರವಾಡಿ ಎಮ್ಮೆಯ ಹಾಲಿನಿಂದಲೇ ಅಲ್ವಾ! ಇಲ್ಲಿನ ಎಮ್ಮೆ ಹಾಲಿನಲ್ಲಿ ತಾಜಾ ಮೊಝರೆಲ್ಲಾ ಮಾಡಿ ಪಿಜ್ಜಾಕ್ಕೆ ಹಾಕುವವರು ಇದ್ದರೆ ನಾನು ಲೈನ್ ಬಜಾರಿನಿಂದ ನಡೆದುಕೊಂಡಾದರೂ ಹೋಗಿ ತಿಂದು ಬರುತ್ತೇನೆ.

ಸಾಸ್ ಬಗ್ಗೆ ಒಂದೇ ಮಾತು. ಬರೀ ಸಿಹಿ ಇದ್ದರೆ ಅದು ಕೆಚಪ್. ಟೊಮೆಟೊ ಹುಳಿ, ಬೆಳ್ಳುಳ್ಳಿ ವಾಸನೆ ಇರಬೇಕು. ನಾನು ಹೋಗುವ ಅಂಗಡಿಯಲ್ಲಿ ಚಿಲ್ಲಿ ಫ್ಲೇಕ್ಸ್ ಪ್ಯಾಕೆಟ್ ಇಡುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿ ಹುರಿದು ತರಿತರಿ ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಖಾರ ಕಡಿಮೆ, ಬಣ್ಣ ಮತ್ತು ಘಮ ಜಾಸ್ತಿ. ಇಂಥ ಸಣ್ಣ ಕಾಳಜಿ ಕಂಡರೆ ಆ ಅಂಗಡಿ ಬಿಡಬೇಡಿ.

ಒಂದೇ ತುಂಡು ಬೇಕಾದರೆ

ನ್ಯೂಯಾರ್ಕ್‌ನಲ್ಲಿ 18 ಇಂಚಿನ ದೊಡ್ಡ ಪಿಜ್ಜಾ ಸುಟ್ಟು ಎಂಟು ತುಂಡು ಮಾಡಿ ಒಂದೊಂದೇ ಮಾರುತ್ತಾರೆ, ರೋಮ್‌ನಲ್ಲಿ ಕತ್ತರಿಯಿಂದ ಕತ್ತರಿಸಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ನಮ್ಮಲ್ಲಿ ಸ್ಲೈಸ್ ಅಂದರೆ ಜಾಸ್ತಿ ಸಿಗುವುದು ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ, ಪಪ್ಸ್ ಪಕ್ಕ. ಸಪ್ತಾಪುರದಲ್ಲಿ ಪರೀಕ್ಷೆಗೆ ಓದಲು ಬಂದು ರೂಮಿನಲ್ಲಿರುವ ಹುಡುಗ-ಹುಡುಗಿಯರಿಗೆ ಇಡೀ ಪಿಜ್ಜಾ ಬೇಕಾಗಿರುವುದಿಲ್ಲ, ಒಂದು ತುಂಡು ಸಾಕು.

ಅಲ್ಲಿ ಕೇಳಬೇಕಾದದ್ದು, ಎಷ್ಟು ಗಂಟೆಗೆ ಮಾಡಿದ್ದು? ಹೊರಗೆ ಇಟ್ಟು ಎರಡು ಗಂಟೆ ದಾಟಿದ್ದರೆ ಬಿಟ್ಟುಬಿಡಿ, ಏಪ್ರಿಲ್-ಮೇ ಬಿಸಿಲಲ್ಲಿ ಒಂದು ಗಂಟೆಯೇ ಜಾಸ್ತಿ. ಸಂಜೆ ಹೊಸ ಟ್ರೇ ಯಾವಾಗ ಬರುತ್ತದೆ ಅಂತ ತಿಳಿದುಕೊಂಡು ಆ ಹೊತ್ತಿಗೇ ಹೋಗಿ. ಬಿಸಿ ಮಾಡುವಾಗ ಓವನ್‌ನಲ್ಲಿ ಇಡಿ ಅಂತ ಹೇಳಿ, ಮೈಕ್ರೋವೇವ್‌ನಲ್ಲಿ ಇಟ್ಟರೆ ಬೇಸ್ ಮೊದಲು ಒದ್ದೆಯಾಗಿ ಆಮೇಲೆ ಹಲ್ಲಿಗೆ ಬಾರದ ಹಾಗೆ ಗಟ್ಟಿಯಾಗುತ್ತದೆ.

ಸೈಜಿನ ಲೆಕ್ಕ

ಪಿಜ್ಜಾ ದುಂಡಗಿರುವುದರಿಂದ ಇಂಚಿನ ಲೆಕ್ಕ ಕಣ್ಣಿಗೆ ಹತ್ತುವುದಿಲ್ಲ. 7 ಇಂಚಿನದು ಸುಮಾರು 38 ಚದರ ಇಂಚು. 10 ಇಂಚಿನದು 79. 12 ಇಂಚಿನದು 113. ಅಂದರೆ ಎರಡು 7 ಇಂಚು ಸೇರಿದರೆ ಒಂದು 10 ಇಂಚಿಗೆ ಹೆಚ್ಚುಕಡಿಮೆ ಸಮ. ಅದರಲ್ಲೂ ಸುತ್ತಲಿನ ಅರ್ಧ ಇಂಚು ಬರೀ ಅಂಚು ಅಂತ ಬಿಟ್ಟರೆ ಚೀಸ್ ಇರುವ ಜಾಗ ಎರಡು ಸಣ್ಣದರಲ್ಲಿ 57, ಒಂದು 10 ಇಂಚಿನದರಲ್ಲಿ 64. 'ಒಂದಕ್ಕೆ ಒಂದು ಫ್ರೀ' ಸಿಗುವುದು ಎಷ್ಟೋ ಸಲ ಸಣ್ಣದಕ್ಕೇ, ಆ ಎರಡರ ರೇಟನ್ನು ಒಂದು 10 ಇಂಚಿನದರ ರೇಟಿನ ಜೊತೆ ಇಟ್ಟು ನೋಡಿ.

ಮನೆಗೆ ತರಿಸುವಾಗ

ತಿಂದು ನೋಡಿ ಒಪ್ಪಿಗೆಯಾದ ಅಂಗಡಿಯ ನಂಬರ್ ತೆಗೆದುಕೊಂಡು ಬನ್ನಿ. ಸ್ವಿಗ್ಗಿ, ಝೊಮ್ಯಾಟೊದಲ್ಲಿ ಅದೇ ಪಿಜ್ಜಾದ ರೇಟು ಅಂಗಡಿಯ ಬೋರ್ಡಿಗಿಂತ ಜಾಸ್ತಿ ಇರುವುದುಂಟು, ಯಾಕೆಂದರೆ ಆ್ಯಪ್‌ನವರಿಗೆ ಕಮಿಷನ್ ಕೊಡಬೇಕು. ನೇರ ಫೋನ್ ಮಾಡಿದರೆ ದುಡ್ಡೂ ಉಳಿಯುತ್ತದೆ, ಮಾತೂ ನಡೆಯುತ್ತದೆ. ಮಳೆ ಬಂದಾಗ ಕರೆಂಟ್ ಇದೆಯಾ ಅಂತ ಮೊದಲೇ ಕೇಳಿ, ಓವನ್ ಆರಿ ಮತ್ತೆ ಕಾಯಲು ಹೊತ್ತು ಹಿಡಿಯುತ್ತದೆ, ಆಗ ಹಾಕಿದ ಪಿಜ್ಜಾ ಬೆಳ್ಳಗೇ ಬರುತ್ತದೆ. ಶ್ರಾವಣ ಮಾಡುವವರು, ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು ಸಾಸ್‌ನಲ್ಲೂ ಅದು ಬೇಡ ಅಂತ ಬಿಡಿಸಿ ಹೇಳಬೇಕು. ಚಿಕನ್ ಕೂಡ ಮಾಡುವ ಅಂಗಡಿಯಾದರೆ ಕತ್ತರಿಸುವ ಚಾಕು ಬೇರೆ ಇದೆಯಾ ಅನ್ನುವುದನ್ನೂ ಕೇಳಿ.

ನಾನು ಯಾವಾಗಲೂ ಹೇಳುವ ಒಂದು ಮಾತು, "ಕಟ್ ಮಾಡಬ್ಯಾಡ್ರಿ, ಹಂಗ ಕೊಡ್ರಿ." ಕತ್ತರಿಸಿದ ಗೆರೆಯಿಂದ ಸಾಸ್ ಕೆಳಗಿಳಿದು ತಳ ಒದ್ದೆಯಾಗುತ್ತದೆ. ಇಡಿಯಾಗಿ ತಂದರೆ ಮನೆಯಲ್ಲಿ ಕತ್ತರಿಯಿಂದ ಕತ್ತರಿಸಿಕೊಳ್ಳಬಹುದು. ನೀವೇ ಹೋಗಿ ತರುವುದಾದರೆ ಡಬ್ಬಿಯನ್ನು ಚೀಲದಲ್ಲಿ ನೇತು ಹಾಕಬೇಡಿ, ಸ್ಕೂಟಿಯ ಕಾಲಿಡುವ ಜಾಗದಲ್ಲಿ ಮಟ್ಟಸವಾಗಿ ಇಡಿ, ಡಬ್ಬಿಯ ಪಕ್ಕದ ತೂತುಗಳನ್ನು ತೆರೆದು ಬಿಡಿ. ಬಿಲ್ ಕೂಡ ತೆಗೆದುಕೊಳ್ಳಿ. 2022ರ ಜನವರಿ 1ರಿಂದ ಬಿಲ್ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರ್ ಇರಲೇಬೇಕು, ಏನಾದರೂ ದೂರು ಕೊಡಬೇಕಾದರೆ ಅದೇ ಆಧಾರ.

ಉಳಿದರೆ

ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನ ರೊಟ್ಟಿ ಹಂಚು ತೆಗೆಯಿರಿ, ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಹಂಚು ಕಾದ ಮೇಲೆ ತುಂಡುಗಳನ್ನು ಇಟ್ಟು ಎರಡು ನಿಮಿಷ ಬಿಡಿ, ತಳ ಗರಿಗರಿ ಆಗುತ್ತದೆ. ಆಮೇಲೆ ಹಂಚಿನ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮೇಲೊಂದು ಮುಚ್ಚಳ ಇಡಿ. ಚುಂಯ್ ಅಂತ ಹಬೆ ಎದ್ದು ಮೇಲಿನ ಚೀಸ್ ಕರಗುತ್ತದೆ. ಒಂದು ನಿಮಿಷ, ಅಷ್ಟೇ. ಬಿಸಿ ಇರುವಾಗಲೇ ತಿನ್ನಿ.