ಜಗಲಿಯಲ್ಲಿ ಶಾಸ್ತ್ರಪಾಠ: ಮಕ್ಕಳಿಗೆ ಎಲ್ಲಿಂದ ಶುರು ಮಾಡಬೇಕು

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯ ಜಗಲಿಗೆ ಸಂಜೆ ಐದೂವರೆ ಹೊತ್ತಿಗೆ ಏಳು ಮಕ್ಕಳು ಬರುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಎರಡನ್ನೂ ಕಲಿಸಿ ನಿವೃತ್ತಳಾದ ಮೇಲೆ ಶುರುವಾದ ಪಾಠ ಇದು. ಮೊದಲು ನನ್ನ ಮೊಮ್ಮಗಳು ಒಬ್ಬಳೇ ಇದ್ದಳು. ಆಮೇಲೆ ಹಿಂದಿನ ಮನೆಯ ಕೊಂಕಣಿ ಮಾತಾಡುವ ಅಣ್ಣ ತಂಗಿ, ರಿಕ್ಷಾದವರ ಮಗ, ಮಲ್ಪೆಯಲ್ಲಿ ಬೋಟಿಗೆ ಹೋಗುವವರ ಮಗಳು, ಹೀಗೆ ಒಬ್ಬೊಬ್ಬರಾಗಿ ಸೇರಿಕೊಂಡರು. ತಾಯಂದಿರು ಗೇಟಿನ ಹತ್ತಿರ ನಿಂತು ಕೇಳುವುದು ಒಂದೇ ಪ್ರಶ್ನೆ: "ಟೀಚರ್, ಕ್ಲಾಸಿಕಲ್ ಎಜುಕೇಶನ್ ಅಂತ ಹೇಳ್ತಾರಲ್ಲ, ಅದರಲ್ಲಿ ಎಂತೆಲ್ಲ ಸಬ್ಜೆಕ್ಟ್ ಉಂಟು? ನಾವು ಮನೆಯಲ್ಲಿ ಹೇಳಿಕೊಡಬಹುದಾ?"

ಖಂಡಿತ ಹೇಳಿಕೊಡಬಹುದು. ವಿಷಯಗಳ ಪಟ್ಟಿ ದೊಡ್ಡದಲ್ಲ. ಯುರೋಪಿನ ಹಳೆಯ ಕ್ರಮದಲ್ಲಿ ಏಳು ವಿದ್ಯೆಗಳು. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರಕ್ಕೆ ಟ್ರಿವಿಯಮ್ ಎಂದು ಹೆಸರು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಎಂಬ ನಾಲ್ಕಕ್ಕೆ ಕ್ವಾಡ್ರಿವಿಯಮ್. ಭಾಷೆ ಲ್ಯಾಟಿನ್, ಮೇಲಿನ ಹಂತಕ್ಕೆ ಗ್ರೀಕ್. ನಮ್ಮಲ್ಲಿ ಶಿಕ್ಷಾ, ವ್ಯಾಕರಣ, ಛಂದಸ್ಸು, ನಿರುಕ್ತ, ಜ್ಯೋತಿಷ, ಕಲ್ಪ ಎಂದು ವೇದಾಂಗಗಳು ಆರು. ನಿರುಕ್ತ ಅಂದರೆ ಪದಗಳ ಮೂಲ ಹುಡುಕುವುದು, ಕಲ್ಪ ಅಂದರೆ ಯಜ್ಞಗಳ ವಿಧಿ. ಅವುಗಳ ಜೊತೆಗೆ ಕೋಶ, ಕಾವ್ಯ, ತರ್ಕ. ಎರಡೂ ಕಡೆ ಮೊದಲು ಭಾಷೆ, ಆಮೇಲೆ ವಾದ. ಆದರೆ ನಮ್ಮ ಪಟ್ಟಿಯ ಮೊದಲ ಹೆಸರು ಶಿಕ್ಷಾ, ಅಂದರೆ ಉಚ್ಚಾರಣೆಯ ಶಾಸ್ತ್ರ. ಅಕ್ಷರ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಎನ್ನುವುದರಿಂದಲೇ ಓದು ಶುರು. ನಾನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಇದೊಂದನ್ನು: ಕಿವಿ, ಬಾಯಿ ಪಳಗದೆ ಪುಸ್ತಕಕ್ಕೆ ಕೈ ಹಾಕಬಾರದು.

ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಮೊದಲ ವರ್ಷ ಏಳು ವರ್ಷದ ಮೊಮ್ಮಗಳ ಕೈಗೆ ನೋಟ್‌ಬುಕ್ ಕೊಟ್ಟು, ಎಂಟು ವಿಭಕ್ತಿಗೆ ಗೆರೆ ಎಳೆಸಿ, ರಾಮಶಬ್ದ ಬರೆಸಿ, ಪ್ರತಿಯೊಂದರ ಅರ್ಥವನ್ನೂ ವಿವರಿಸಿದೆ. ಮೂರನೆಯ ವಾರ ಸಂಜೆಯಾದರೆ ಸಾಕು, ಅವಳಿಗೆ ಹೊಟ್ಟೆನೋವು. ಆಟಕ್ಕೆ ಹೊರಟರೆ ನೋವಿಲ್ಲ. ನೋಟ್‌ಬುಕ್ ಎತ್ತಿಟ್ಟೆ. ಒಂದು ತಿಂಗಳು ಬರೇ ಹೇಳುವುದು, ಕೇಳುವುದು, ಚಪ್ಪಾಳೆ ತಟ್ಟುವುದು. ಹೊಟ್ಟೆನೋವು ಮತ್ತೆ ಬರಲಿಲ್ಲ.

ಆರರಿಂದ ಒಂಬತ್ತು ವರ್ಷ: ಬಾಯಿಪಾಠ

ದಿನಕ್ಕೆ ಇಪ್ಪತ್ತೇ ನಿಮಿಷ. ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ. ನೀವು ಒಮ್ಮೆ ಹೇಳಬೇಕು, ಮಗು ಎರಡು ಸಲ ಹೇಳಬೇಕು. ವೇದಪಾಠದ ಸಂತೆ, ಅಂದರೆ ಗುರು ಹೇಳಿದ್ದನ್ನು ಶಿಷ್ಯ ತಿರುಗಿ ಹೇಳುವ ಕ್ರಮ, ನಡೆಯುವುದೂ ಹೀಗೆಯೇ. ಮೊದಲು ಕಾಲು ಶ್ಲೋಕ, ಅದು ಕೂತ ಮೇಲೆ ಅರ್ಧ, ಆಮೇಲೆ ಪೂರ್ತಿ. ಮರುದಿನ ಹೊಸದಕ್ಕೆ ಹೋಗುವ ಮೊದಲು ಹಿಂದಿನ ಮೂರು ದಿನದ್ದನ್ನು ಒಂದು ಸಲ ಹೇಳಿಸಿ. ತಪ್ಪಿದರೆ ಅಲ್ಲೇ ತಡೆಯಬೇಡಿ, ಸಾಲು ಮುಗಿಯಲಿ. ನೀವು ಮತ್ತೊಮ್ಮೆ ಸರಿಯಾಗಿ ಹೇಳಿ, ಅಷ್ಟೇ. ಮಗುವಿನ ಕಿವಿ ಅದನ್ನು ತಾನಾಗಿ ತಿದ್ದಿಕೊಳ್ಳುತ್ತದೆ.

ಏನನ್ನು ಹೇಳಿಸಬೇಕು? ಮಗ್ಗಿ ಇಪ್ಪತ್ತರವರೆಗೆ, ಜೊತೆಗೆ ಕಾಲು, ಅರೆ, ಮುಕ್ಕಾಲು ಮಗ್ಗಿ. ಪಗ್ಗುವಿನಿಂದ ಸುಗ್ಗಿಯವರೆಗೆ ತುಳು ತಿಂಗಳುಗಳು, ಚೈತ್ರದಿಂದ ಫಾಲ್ಗುಣ, ಇಪ್ಪತ್ತೇಳು ನಕ್ಷತ್ರಗಳು. ಇವುಗಳಿಗೆ ವಿವರಣೆ ಬೇಡ. ಅಮರಕೋಶಕ್ಕೆ ಮಾತ್ರ ಸ್ವಲ್ಪ ಸಮಯ ಕೊಡಿ. ಮೂರು ಕಾಂಡಗಳ ಆ ನಿಘಂಟನ್ನು ಪದ್ಯದಲ್ಲಿ ಕಟ್ಟಿರುವುದೇ ಬಾಯಿಗೆ ಬರಲಿ ಎಂದು. ಪೂರ್ತಿ ಕಲಿಸುವ ಹಟ ಬೇಡ. ನಾನು ಆರಿಸಿಕೊಳ್ಳುವುದು ನೀರಿನ ಹೆಸರುಗಳನ್ನು.

ಜಲ, ವಾರಿ, ಅಂಬು, ನೀರ. ಈ ನಾಲ್ಕು ಬಾಯಿಗೆ ಬಂದ ಮೇಲೆ ಒಂದು ಸಂಜೆ ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಅಕ್ಷರ ಬರೆದೆ: ಜ, ದ, ಧಿ. 'ಜ' ಅಂದರೆ ಹುಟ್ಟಿದ್ದು, 'ದ' ಅಂದರೆ ಕೊಡುವುದು, 'ಧಿ' ಅಂದರೆ ತುಂಬಿಟ್ಟುಕೊಂಡಿರುವ ಜಾಗ. ಈಗ ಒಂದೊಂದು ನೀರಿಗೂ ಒಂದೊಂದು ಅಕ್ಷರ ಅಂಟಿಸಿ ನೋಡಿ ಎಂದೆ. ನೀರಿನಲ್ಲಿ ಹುಟ್ಟಿದ್ದು ಜಲಜ, ವಾರಿಜ, ಅಂಬುಜ, ನೀರಜ. ನಾಲ್ಕೂ ತಾವರೆ. ನೀರು ಕೊಡುವುದು ಜಲದ, ವಾರಿದ, ಅಂಬುದ, ನೀರದ. ನಾಲ್ಕೂ ಮೋಡ. ನೀರು ತುಂಬಿಟ್ಟದ್ದು ಜಲಧಿ, ವಾರಿಧಿ, ಅಂಬುಧಿ, ನೀರಧಿ. ನಾಲ್ಕೂ ಸಮುದ್ರ. ನಾಲ್ಕು ಪದ ಗೊತ್ತಿದ್ದ ಮಗುವಿಗೆ ಒಂದೇ ಸಂಜೆಯಲ್ಲಿ ಹದಿನಾರಾಯಿತು. ರಿಕ್ಷಾದವರ ಮಗ ಸ್ವಲ್ಪ ಹೊತ್ತು ಬೆರಳು ಮಡಚಿ, "ಟೀಚರಜ್ಜಿ, ಹಾಗಾದ್ರೆ ನಮ್ಮ ಓಣಿಯ ಜಲಜಕ್ಕ, ವಾರಿಜಕ್ಕ, ಅಂಬುಜಕ್ಕ ಮೂರು ಜನರದ್ದೂ ಒಂದೇ ಹೆಸರಾ?" ಎಂದ. ಸಮಾಸ ಎನ್ನುವ ಶಬ್ದ ನಾನಿನ್ನೂ ಹೇಳಿರಲಿಲ್ಲ. ಅವನು ಆಗಲೇ ಸಮಾಸ ಬಿಡಿಸಿ ಆಗಿತ್ತು.

ಹಳಗನ್ನಡ ಯಾವಾಗ, ಸಂಸ್ಕೃತ ಯಾವಾಗ ಎಂದು ಕೇಳುತ್ತಾರೆ. ಒಂದೇ ಕಲಿಸಲು ಸಾಧ್ಯವಿದ್ದರೆ ಹಳಗನ್ನಡ ಕಲಿಸಿ ಎನ್ನುವವಳು ನಾನು. ಯುರೋಪಿನವರಿಗೆ ಲ್ಯಾಟಿನ್ ಮಾಡಿಕೊಟ್ಟ ಕೆಲಸವನ್ನು ನಮ್ಮ ಮಕ್ಕಳಿಗೆ ಅದು ಮಾಡಿಕೊಡುತ್ತದೆ: ತಾನು ದಿನಾ ಆಡುವ ಮಾತಿನ ಬೇರು ಕಾಣಿಸುತ್ತದೆ. ಕರಾವಳಿಯ ಮಕ್ಕಳಿಗಂತೂ ಇದು ಅರ್ಧ ಕಲಿತ ಭಾಷೆಯೇ. ಹೂವಿಗೆ ಹಳಗನ್ನಡದಲ್ಲಿ ಪೂ, ಹಕ್ಕಿಗೆ ಪಕ್ಕಿ, ಹುಳಿಗೆ ಪುಳಿ. ಮನೆಯಲ್ಲಿ ತುಳು ಮಾತಾಡುವ ಮಗುವಿಗೆ ಕೇಳಿ ನೋಡಿ, ಮೂರನ್ನೂ ಹಾಗೆಯೇ ಹೇಳುತ್ತದೆ. ಹತ್ತಕ್ಕೆ ಪತ್ತ್ ಎನ್ನುತ್ತದೆ. ಕನ್ನಡದಲ್ಲಿ ಪಕಾರ ಹಕಾರವಾಯಿತು, ತುಳುವಿನಲ್ಲಿ ಉಳಿಯಿತು. ತುಳು ಬಾಯಲ್ಲಿ ಬಂದರೆ ಕ್ಲಾಸಿನಲ್ಲಿ ನಾಚಿಕೊಳ್ಳುತ್ತಿದ್ದ ಹುಡುಗಿ ಆ ದಿನ ನೆಟ್ಟಗೆ ಕೂತು ಉಳಿದವರಿಗೆ ಪದ ಹೇಳಿಕೊಟ್ಟಳು. ನಮ್ಮ ಊರಿನಲ್ಲೇ ಡ್ರಿಲ್ ಮಾಸ್ಟರಾಗಿದ್ದ ನಂದಳಿಕೆಯ ಮುದ್ದಣ, 1901ರಲ್ಲಿ ಮೂವತ್ತೊಂದರ ಪ್ರಾಯದಲ್ಲೇ ತೀರಿಕೊಂಡವರು, ಹಳಗನ್ನಡದಲ್ಲಿ ಕಾವ್ಯ ಬರೆದರು ಎಂದು ಮಕ್ಕಳಿಗೆ ಹೇಳಿ. ಅದು ಯಾವುದೋ ದೂರದ ರಾಜನ ಆಸ್ಥಾನದ ಭಾಷೆ ಎಂಬ ಭಯ ಹೋಗುತ್ತದೆ.

ಒಂಬತ್ತರಿಂದ ಹನ್ನೆರಡು: ಛಂದಸ್ಸು, ಅದರ ಹಿಂದೆಯೇ ವ್ಯಾಕರಣ ಮತ್ತು ಲೆಕ್ಕ

ವ್ಯಾಕರಣವನ್ನು ಛಂದಸ್ಸಿನ ಬಾಗಿಲಿಂದ ಒಳಗೆ ಕರೆದುಕೊಂಡು ಬನ್ನಿ. ಹ್ರಸ್ವ ಲಘು, ಒಂದು ಮಾತ್ರೆ. ದೀರ್ಘ ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗ ಇದ್ದರೆ ಅದೂ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಸದ್ಯಕ್ಕೆ ಇಷ್ಟು ಸಾಕು. ಭಾಮಿನಿ ಷಟ್ಪದಿಯಿಂದ ಶುರು ಮಾಡಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಎಲ್ಲ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ, ಅದು ಪ್ರಾಸ.

ನಾನು ಒಂದು ಸಾಲು ಕೊಟ್ಟೆ: "ನೀರು ತುಂಬಿದ ಕೆರೆಯ ದಂಡೆಯ". ಮುಂದಿನ ಸಾಲು ನಿಮ್ಮದು ಎಂದೆ. ಕೊಂಕಣಿ ಹುಡುಗ "ದಾರಿ ತಪ್ಪಿದ ಎಮ್ಮೆ ಬಂತು" ಎಂದ. ಪ್ರಾಸ ಕೂತಿತ್ತು. ಎಲ್ಲರೂ ಚಪ್ಪಾಳೆಯಲ್ಲಿ ಅಳೆದರು. ಕೊನೆಗೆ ಅವನ ತಂಗಿ, "ಒಂದು ಚಪ್ಪಾಳೆ ಉಳಿಯಿತು" ಎಂದಳು. 'ಬಂತು' ಎಂಬಲ್ಲಿ ಮೂರೇ ಮಾತ್ರೆ, ಬೇಕಾದದ್ದು ನಾಲ್ಕು. ಅವನು ಕಣ್ಣು ಮುಚ್ಚಿ ಯೋಚಿಸಿ 'ಬಂದಿತು' ಎಂದ. ದಾರಿ ತಪ್ಪಿದ ಎಮ್ಮೆ ಬಂದಿತು. ಸರಿಹೋಯಿತು. ಬಂತು, ಬಂದಿತು ಎರಡೂ ಒಂದೇ ಕ್ರಿಯಾಪದದ ರೂಪ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದುಂಟು? ಧಾತು, ಕಾಲ, ಪ್ರತ್ಯಯ ಆ ಎಮ್ಮೆಯ ಹಿಂದೆಯೇ ಬಂದವು.

ಇಲ್ಲಿಂದಲೇ ಗಣಿತಕ್ಕೂ ಹೋಗಿ. ಚೆನ್ನೆಮಣೆ ಆಟದ ಮಂಜೊಟ್ಟಿ ಬೀಜ ಲಘು, ಹುಣಸೆ ಬೀಜ ಗುರು. ಎರಡು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಎರಡು ಮಂಜೊಟ್ಟಿ, ಇಲ್ಲವೇ ಒಂದು ಹುಣಸೆ. ಎರಡೇ ಬಗೆ. ಮೂರು ಮಾತ್ರೆಗೆ ಮೂರು, ನಾಲ್ಕಕ್ಕೆ ಐದು. ಐದು ಮಾತ್ರೆಗೆ ಎಷ್ಟು ಎಂದು ನೆಲದ ಮೇಲೆ ಜೋಡಿಸಲಿ, ಅವಸರ ಮಾಡಬೇಡಿ. ಎಂಟು ಬರುತ್ತದೆ. ಮೂರು ಮತ್ತು ಐದು ಕೂಡಿದರೆ ಎಂಟು ಎಂದು ಯಾರಾದರೂ ಒಬ್ಬರಿಗೆ ಕಂಡೇ ಕಾಣುತ್ತದೆ. ಯಾಕೆ ಎಂದು ಕೇಳಿ. ಕೊನೆಯಲ್ಲಿ ಹುಣಸೆ ಇದ್ದರೆ ಅದರ ಹಿಂದೆ ಮೂರು ಮಾತ್ರೆ, ಮಂಜೊಟ್ಟಿ ಇದ್ದರೆ ನಾಲ್ಕು ಮಾತ್ರೆ. ಅದಕ್ಕೇ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಸಿಗುತ್ತದೆ. ಶಾಲೆಯಲ್ಲಿ ಮುಂದೆ ಫಿಬೊನಾಚಿ ಸಂಖ್ಯೆ ಎಂದು ಕಲಿಯುವುದು ಇದನ್ನೇ. ಇಟಲಿಯ ಫಿಬೊನಾಚಿಯ ಪುಸ್ತಕ 1202ರದ್ದು. ಅದಕ್ಕೂ ಮೊದಲೇ ನಮ್ಮ ಜೈನ ಪಂಡಿತ ಹೇಮಚಂದ್ರ ಇದೇ ಲೆಕ್ಕವನ್ನು ಮಾತ್ರೆಗಳಿಗಾಗಿ ಹೇಳಿದ್ದ.

ರೇಖಾಗಣಿತಕ್ಕೆ ಒಂದು ಹಗ್ಗ ಸಾಕು. ಸಮ ಅಂತರದ ಹನ್ನೆರಡು ಭಾಗ ಮಾಡಿ ಗಂಟು ಹಾಕಿ, ಮೂರು-ನಾಲ್ಕು-ಐದು ಎಂದು ಎಳೆದು ಹಿಡಿದರೆ ಅಂಗಳದ ಮೂಲೆ ಸರಿಯಾಗಿ ಲಂಬಕೋನದಲ್ಲಿ ಉಂಟೋ ಇಲ್ಲವೋ ಗೊತ್ತಾಗುತ್ತದೆ. ಖಗೋಳಕ್ಕೆ ಡಿಸೆಂಬರ್, ಜನವರಿಯ ಸಂಜೆ ಒಳ್ಳೆಯದು. ಬಾಯಿಪಾಠ ಮಾಡಿದ ಕೃತ್ತಿಕಾ, ರೋಹಿಣಿ, ಮೃಗಶಿರ, ಆರ್ದ್ರಾ ನಾಲ್ಕೂ ಪೂರ್ವದ ಕಡೆ ಅದೇ ಕ್ರಮದಲ್ಲಿ ಏರುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಉಡುಪಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹೊತ್ತಿಗೆ. ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಸಂಗೀತ ನನಗೆ ಬಾರದು. ಮಕ್ಕಳನ್ನು ಸರಳೆ ವರಸೆಗೆ ಬಲ್ಲವರಲ್ಲಿಗೇ ಕಳಿಸುತ್ತೇನೆ, ನೀವೂ ಹಾಗೆ ಮಾಡಿ.

ಹನ್ನೆರಡರ ಮೇಲೆ: ತರ್ಕ ಮತ್ತು ಮಾತು

ಈ ಪ್ರಾಯದಲ್ಲಿ ಮಕ್ಕಳು ಹೇಗೂ ಎದುರು ಮಾತಾಡುತ್ತಾರೆ. ಬೈಯುವ ಬದಲು ಆ ಮಾತಿಗೆ ಒಂದು ಕ್ರಮ ಕೊಡಿ. ನ್ಯಾಯಶಾಸ್ತ್ರದಲ್ಲಿ ವಾದಕ್ಕೆ ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ) ಎಂದು ಐದು ಅವಯವ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಉಂಟು ಎನ್ನುವುದು ಹಳೆಯ ಪಾಠ. ನಾವು ಬಂದರಿನದ್ದು ತೆಗೆದುಕೊಂಡೆವು. ಒಬ್ಬ ಹೇಳಿದ: "ಇವತ್ತು ಕಡಲು ಜೋರು. ಯಾಕೆಂದರೆ ಬೋಟುಗಳೆಲ್ಲ ಕಟ್ಟಿಕೊಂಡೇ ಇವೆ." ಬೋಟಿಗೆ ಹೋಗುವವರ ಮಗಳು ಬಿಡಲಿಲ್ಲ. "ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಸುವ ಹಾಗೇ ಇಲ್ಲ. ಆಗ ಒಂದು ದಿನ ಕಡಲು ಸುಮ್ಮನೆ ಇದ್ದರೂ ಬೋಟು ಕಟ್ಟಿಯೇ ಇರ್ತದೆ." ಸಾಧ್ಯ, ಅಂದರೆ ಸಾಧಿಸಬೇಕಾದ ಸಂಗತಿ, ಇಲ್ಲದ ಕಡೆಯೂ ಹೇತು ಸಿಗುತ್ತದೆ, ಹಾಗಾಗಿ ಆ ಹೇತು ನಿಲ್ಲುವುದಿಲ್ಲ. ಇದಕ್ಕೆ ವ್ಯಭಿಚಾರ ದೋಷ ಎಂದು ಹೆಸರು ಎಂದು ನಾನು ಆಮೇಲೆ ಸೇರಿಸಿದೆ. ದೋಷ ಕಂಡ ಮೇಲೆ ಹೆಸರು, ಹೆಸರು ಹೇಳಿ ದೋಷ ಹುಡುಕಿಸುವುದಲ್ಲ.

ವಾಗ್ಮಿತೆ ಕಲಿಸಲು ನಮ್ಮ ಜಿಲ್ಲೆಯವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ತಾಳಮದ್ದಳೆ ಉಂಟು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡಬೇಕು. ಬರೆದುಕೊಟ್ಟ ಸಂಭಾಷಣೆ ಇಲ್ಲ. ಮೊದಲು ಮಕ್ಕಳನ್ನು ಒಂದು ಒಳ್ಳೆಯ ಕೂಟಕ್ಕೆ ಕರೆದುಕೊಂಡು ಹೋಗಿ, ಪೂರ್ತಿ ಕೂರಿಸಬೇಡಿ, ಒಂದು ಗಂಟೆ ಸಾಕು. ಆಮೇಲೆ ಮನೆಯಲ್ಲಿ ಸಣ್ಣ ಸನ್ನಿವೇಶ ಕೊಡಿ. ನಾನು ಒಂದೇ ನಿಯಮ ಇಟ್ಟಿದ್ದೇನೆ: ಎದುರಿನವರು ಹೇಳಿದ್ದನ್ನು ಮೊದಲು ಅವರಿಗೆ ಒಪ್ಪಿಗೆಯಾಗುವ ಹಾಗೆ ತಿರುಗಿ ಹೇಳಬೇಕು, ಆಮೇಲೆಯೇ ಉತ್ತರ. ಮುಂದಿನ ವಾರ ಪಾತ್ರ ಅದಲುಬದಲು.

ಕಳೆದ ಆಟಿ ತಿಂಗಳಲ್ಲಿ ಮಳೆ ಹಿಡಿದ ಒಂದು ಸಂಜೆ ವಾಲಿ ಮತ್ತು ರಾಮ. ವಾಲಿಯಾದ ಮೊಮ್ಮಗಳು ಕೇಳಿದಳು: "ಮರದ ಮರೆಯಲ್ಲಿ ನಿಂತೆಯಲ್ಲ, ಎದುರಿಗೆ ಬಂದು ಕೇಳಿದ್ದರೆ ಸೀತೆಯನ್ನು ನಾನೇ ಹುಡುಕಿಕೊಡುತ್ತಿದ್ದೆ." ರಾಮನಾಗಿದ್ದ ರಿಕ್ಷಾದವರ ಮಗ ನಿಯಮದ ಪ್ರಕಾರ ಅವಳ ಮಾತನ್ನು ತಿರುಗಿ ಹೇಳಿದ. ಆಮೇಲೆ ಮಾತು ಹೊರಡಲಿಲ್ಲ. ಯಾರೂ ಹೇಳಿಕೊಡಬಾರದು ಎಂದು ನಾನು ಕೈ ಎತ್ತಿದೆ. ಹಂಚಿನಿಂದ ನೀರು ಇಳಿಯುವ ಸದ್ದು ಮಾತ್ರ. ಕೊನೆಗೆ ಅವನು ಮೆಲ್ಲಗೆ, "ನೀನು ನಿನ್ನ ತಮ್ಮನ ಮಾತನ್ನು ಒಂದು ಸಲವಾದರೂ ಕೇಳಿದ್ದರೆ, ನಾನು ಈ ಮರದ ಹತ್ತಿರ ಬರಬೇಕಾಗಿಯೇ ಇರಲಿಲ್ಲ" ಎಂದ. ಹೀಗೆ ಮಗು ತಾನೇ ಹುಡುಕಿಕೊಳ್ಳುವವರೆಗೆ ಕಾಯುವುದು ಕಷ್ಟ. ಆದರೆ ಕಾಯಲೇಬೇಕು. ನೀವು ನಡುವೆ ಬಾಯಿ ಹಾಕಿದರೆ ಅಲ್ಲಿಗೆ ಪಾಠ ಮುಗಿಯಿತು.

ಇಷ್ಟನ್ನು ಓದಿ ಗಾಬರಿಯಾಗಬೇಡಿ. ಆರು ವರ್ಷದ ಮಗು ಇದ್ದವರು ಸೋಮವಾರ ಸಂಜೆ ನೀರಿನ ಎರಡು ಹೆಸರು ಹೇಳಿಸಿ, ಮಂಗಳವಾರ ಇನ್ನೆರಡು. ಬುಧವಾರ, ಗುರುವಾರ ಬರೇ ಹೇಳಿಸುವುದು. ಶುಕ್ರವಾರ ನೆಲದ ಮೇಲೆ ಆ ಮೂರು ಅಕ್ಷರ ಬರೆಯಿರಿ. ಶನಿವಾರ ಮಲ್ಪೆಗೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ನಿಲ್ಲಿಸಿ, ಎದುರಿಗೆ ಕಾಣುವುದಕ್ಕೆ ಎಷ್ಟು ಹೆಸರು ಗೊತ್ತು ಎಂದು ಕೇಳಿ.