ಮನೆಯೊಳಗಿನ ಸಸಿ ಬೆಳೆಯದೆ ನಿಂತಿದೆಯಾ? ಮೊದಲು ಬೇರು ನೋಡಿ

ಟೊಮೆಟೊ, ಮೆಣಸಿನಕಾಯಿ ಸಸಿ ಎರಡೆಲೆ ಬಿಟ್ಟು ಅಲ್ಲೇ ನಿಂತುಬಿಟ್ಟರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಹೆಚ್ಚಿನ ಸಲ ತೊಂದರೆ ಇರುವುದು ನೀರಿನಲ್ಲಿ. ಒಂದು ಸಸಿಯನ್ನು ಚಮಚದಿಂದ ಮಣ್ಣಿನ ಸಮೇತ ಎತ್ತಿ ನೋಡಿ. ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಭಯವಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದ ಕೂಡಲೇ ಮೆತ್ತಗೆ ಕಿತ್ತು ಬಂದರೆ ನೀರು ಜಾಸ್ತಿಯಾಗಿ ಬೇರಿಗೆ ಗಾಳಿ ಸಿಗುತ್ತಿಲ್ಲ ಅಂತ ಅರ್ಥ. ದಿನಾ ಹೊತ್ತಿಗೆ ಸರಿಯಾಗಿ ಸುಮ್ನೆ ನೀರು ಹಾಕಬೇಡಿ. ಬೆರಳಿಟ್ಟು ನೋಡಿ, ಮೇಲಿನ ಅರ್ಧ ಇಂಚು ಒಣಗಿದ್ದರೆ ಮಾತ್ರ ಹಾಕಿ. ಸಸಿ ಇಟ್ಟಿರುವ ಕಪ್‌ನ ತಳದಲ್ಲಿ ತೂತು ಇರಲೇಬೇಕು.

ನಮ್ಮ ದಾವಣಗೆರೆ ಕಡೆ ಬೋರ್ ನೀರಿನ ವಿಷಯವೂ ಇದೆ. ಗಡಸು ನೀರು ಹಾಕುತ್ತಾ ಹೋದರೆ ಕಪ್ಪಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ನೋಡಿದ್ದೀರಿ ಅಲ್ವಾ? ಅದು ನೀರಿನಲ್ಲಿದ್ದ ಲವಣ, ಎಳೆ ಬೇರಿಗೆ ಆಗಿಬರುವುದಿಲ್ಲ. ಮಳೆ ನೀರು ಹಿಡಿದಿಟ್ಟಿದ್ದರೆ ಸಸಿಗಳಿಗೆ ಅದನ್ನೇ ಕೊಡಿ.

ಸಸಿ ಸಣಕಲಾಗಿ ಕಿಟಕಿ ಕಡೆ ವಾಲುತ್ತಿದ್ದರೆ ಬೆಳಕು ಸಾಲುತ್ತಿಲ್ಲ. ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ತುದಿಯಿಂದ ಅರ್ಧ ಅಡಿ ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಹಚ್ಚಿಡಿ, ರಾತ್ರಿ ಆರಿಸಿ.

ಬರೀ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಬಿತ್ತಿದವರು ಗಮನಿಸಿ, ಅದರಲ್ಲಿ ಗಿಡಕ್ಕೆ ಬೇಕಾದ ಸತ್ವ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಎರಡು ಬೀಜದೆಲೆಗಳ ನಂತರ ಅಂಚು ಕತ್ತರಿಸಿದಂಥ ಟೊಮೆಟೊ ಎಲೆ ಬಂದ ಮೇಲೆ, ಜರಡಿ ಹಿಡಿದ ಎರೆಗೊಬ್ಬರವನ್ನು ಬುಡಕ್ಕೆ ತಾಗದಂತೆ ಒಂದೊಂದು ಚಿಟಿಕೆ ಹಾಕಿ. ಮೆಣಸಿನ ಸಸಿ ಟೊಮೆಟೊಗಿಂತ ನಿಧಾನ, ಡಿಸೆಂಬರ್ ಚಳಿಯಲ್ಲಂತೂ ಇನ್ನೂ ನಿಧಾನ. ಎಲೆ ಹಸಿರಾಗಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.